ಮಹಡಿಯ ಮೇಲಿನ ಒಲೆ

ಬೈಂದೂರಿನ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಒಂದು ದಿನ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ಕೆಲವು ದೇಶಗಳು ಅಣುಬಾಂಬಿಗೆ ಬೇಕಾದ್ದನ್ನೆಲ್ಲ ಸಿದ್ಧ ಮಾಡಿಟ್ಟುಕೊಂಡು ಬಾಂಬು ಮಾತ್ರ ಮಾಡದೆ ಕೂರುತ್ತವಲ್ಲ, ಮಾಡುವುದಿಲ್ಲ ಅಂದಮೇಲೆ ಆ ತಯಾರಿಯಾದರೂ ಯಾಕೆ? ನೆರೆಯವರ ಭಯ, ನಾಲ್ಕು ಜನರ ನಡುವೆ ಮರ್ಯಾದೆ, ಕಾಪಾಡುತ್ತೇನೆಂದ ದೊಡ್ಡ ದೇಶ ಹೊತ್ತಿಗೆ ಬಂದೀತೋ ಇಲ್ಲವೋ ಎಂಬ ಅನುಮಾನ ಎಂದು ಪುಸ್ತಕದಲ್ಲಿದ್ದುದನ್ನು ಹೇಳಿದೆ. ಹೇಳುತ್ತ ಹೇಳುತ್ತ ಉಪ್ಪುಂದದ ನಮ್ಮ ಮನೆಯ ಮಹಡಿ ನೆನಪಾಯಿತು.

ಅಲ್ಲಿ ನನ್ನದೊಂದು ಗ್ಯಾಸ್ ಒಲೆ ಇತ್ತು, ತುಂಬಿದ ಸಿಲಿಂಡರ್ ಸಹಿತ. ಒಮ್ಮೆಯೂ ಹೊತ್ತಿಸಿರಲಿಲ್ಲ.

ನಮ್ಮದು ಅಣ್ಣತಮ್ಮಂದಿರ ಕೂಡು ಮನೆ. ಒಂದೇ ದೋಣಿ, ಒಂದೇ ಅಡುಗೆಮನೆ. ಅಡುಗೆಮನೆ ಭಾವನ, ಅಂದರೆ ನನ್ನ ಗಂಡನ ಅಣ್ಣನ, ಹೆಂಡತಿಯದು. ಅವರನ್ನು ನಾನು ಅಕ್ಕ ಎನ್ನುತ್ತೇನೆ. ನಮ್ಮ ಕಡೆ ಒಲೆ ಬೇರೆಯಾಯಿತು ಎಂದರೆ ಮನೆ ಪಾಲಾಯಿತು ಎಂದೇ ಅರ್ಥ. ಆಚೆಮನೆ ಹಾಗೆ ದಿಢೀರನೆ ಪಾಲಾದಾಗ ಅಲ್ಲಿನ ಕಿರಿ ಸೊಸೆ ಮಗುವಿಗೆ ಗಂಜಿ ಬೇಯಿಸಲು ಜಾಗವಿಲ್ಲದೆ ನಮ್ಮ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಿದ್ದಳು. ಆ ಮುಖ ನನ್ನ ಕಣ್ಣಿಗೆ ಕಟ್ಟಿತು. ನಮ್ಮಲ್ಲೂ ಹಾಗಾದರೆ ಗಂಡ ನನ್ನ ಪರ ನಿಂತಾರೆಂಬ ಭರವಸೆಯೂ ಇರಲಿಲ್ಲ. ಅತ್ತಿಗೆಯ ಎದುರು ಊಟಕ್ಕಲ್ಲದೆ ಬೇರೆ ಯಾವುದಕ್ಕೂ ಬಾಯಿ ತೆರೆದ ಮನುಷ್ಯರಲ್ಲ ಅವರು.

ಅದಕ್ಕೇ ಆ ಒಲೆ ಕೊಂಡು ತಂದೆ. ಅದು ಮಹಡಿ ಹತ್ತಿದ್ದೇ ಅಕ್ಕ ಬದಲಾದರು. ಬಂಗುಡೆ ಸಾರಿಗೆ ಹುಳಿ ಎಷ್ಟು ಹಾಕಲಿ ಎಂದು ನನ್ನನ್ನು ಕೇಳತೊಡಗಿದರು. ಮದುವೆಯಾಗಿ ಬಂದಾಗಿನಿಂದ ಯಾರೂ ಕೇಳದ್ದು ಅದು, ನಾನು ಉಬ್ಬಿಹೋದೆ. ಆದರೆ ಅದೇ ಹೊತ್ತಿಗೆ, ಪಾಲಿನ ದಿನಕ್ಕೆಂಬಂತೆ, ದೊಡ್ಡ ಪಾತ್ರೆಗಳು ಒಂದೊಂದಾಗಿ ಅವರ ಕೋಣೆಯ ಅಟ್ಟ ಸೇರುತ್ತಿದ್ದವು. ಅದನ್ನು ಕಂಡು ನಾನು ಮಹಡಿಯಲ್ಲಿ ಕುಕ್ಕರ್ ಒಂದನ್ನು ತಂದಿಟ್ಟೆ. ಅವರು ನಗುತ್ತಲೇ ಬಡಿಸುತ್ತಿದ್ದರು, ನಾನು ನಗುತ್ತಲೇ ಉಣ್ಣುತ್ತಿದ್ದೆ.

ಹುಡುಗಿ ಪ್ರಶ್ನೆ ಕೇಳಿದ ಸಂಜೆ ಅಕ್ಕ ಹಿತ್ತಿಲಲ್ಲಿ ಮೀನು ಹಸನು ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ತರಗತಿಯ ಕತೆಯನ್ನೆಲ್ಲ ಹೇಳಿದೆ. ನಮ್ಮ ಮಹಡಿಯ ಮಾತು ಎತ್ತಲಿಲ್ಲ. ಎತ್ತಿದ್ದು ಅಕ್ಕನೇ, ಮೀನಿನಿಂದ ಕಣ್ಣು ತೆಗೆಯದೆ:

"ದಿನಾ ಸಂಜಿಗೆ ಮೇಲಿಂದ್ ಒಗ್ಗರಣಿ ಪರಿಮಳ ಬತ್ತಾ ಅಂದೇಳಿ ಹೆದ್ರ್ಕಂಡ್ ಕಾಯ್ತಾ ಇಪ್ದ್ ನಾನ್. ನೀ ಕೆಳಗ್ ಇಳ್ದ್ ಬಂದ್ಮೇಲೇ ನಂಗ್ ಅನ್ನ ಒಳ್ಗ್ ಹೋಪ್ದ್."

ನನಗೆ ಅಳುವೇ ಬಂತು. ಹೊತ್ತಿಸದ ಒಲೆ ಯಾರಿಗೆ ಏನು ಮಾಡೀತು ಎಂದುಕೊಂಡು ನಾನು ಹಾಯಾಗಿದ್ದೆ. ಮೇಲೆ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ತಂದು ಅವರ ಮುಂದಿಟ್ಟೆ. ಅದಿಲ್ಲದೆ ಒಲೆ ಹೊತ್ತುವುದಿಲ್ಲವೆಂದು ಅವರಿಗೂ ಗೊತ್ತು. ಒಲೆಯನ್ನೇ ಕೊಟ್ಟುಬಿಡಲು ಮಾತ್ರ ಮನಸ್ಸು ಬರಲಿಲ್ಲ. ಆಚೆಮನೆ ಸೊಸೆಯ ಮುಖ ಇನ್ನೂ ಮಾಸಿರಲಿಲ್ಲ.

ಅಕ್ಕ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ರೆಗ್ಯುಲೇಟರನ್ನು ನನ್ನ ಅಂಗೈಗೇ ವಾಪಸು ಇಟ್ಟರು.

"ನಿನ್ನತ್ರವೇ ಇರ್ಲಿ. ಹೊತ್ಸುದಾರೆ ಮುಂಚೆ ಒಂದ್ ಮಾತ್ ನಂಗೆ ಹೇಳ್," ಎಂದರು. "ಅಕ್ಕಿ ನಾನೇ ತೊಳ್ದ್ ಕೊಡ್ತೆ."