ಓಬಳಮ್ಮನ ಗಾಜಿನ ಬೀರು

ನಮ್ಮ ಅತ್ತೆ ಓಬಳಮ್ಮನಷ್ಟು ಪುಕ್ಕಲು ಹೆಂಗಸು ಇಡೀ ಮೊಳಕಾಲ್ಮೂರಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಕುಕ್ಕರ್ ಕೂಗಿದರೆ ಹಿತ್ತಲಿಗೆ ಓಡುತ್ತಾರೆ, ಗುಡುಗಿದರೆ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ. ಎಲ್ಲಕ್ಕಿಂತ ದೊಡ್ಡ ಭಯ ಹಾವಿನದು. ರೇಷ್ಮೆ ಸೀರೆ ನೇಯುವವರು ಅವರು. ನಮ್ಮದು ಕುಣಿಮಗ್ಗ, ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂರಬೇಕು. ಕೂರುವ ಮೊದಲು ಕೋಲಿನಿಂದ ಗುಂಡಿಯ ಮೂಲೆಮೂಲೆ ಕೆದಕದೆ ಅತ್ತೆ ಕಾಲಿಡುವುದಿಲ್ಲ. ಚಳ್ಳಕೆರೆಯಿಂದ ಸೊಸೆಯಾಗಿ ಬಂದ ನಾನು ಇದನ್ನೇ ಅಭಿನಯಿಸಿ ತವರಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ.

ಇಂಥವರ ಮನೆಗೆ ನನ್ನ ಗಂಡ ವಿನೋದ್ ಹೋದ ಮಾರ್ಚ್‌ನಲ್ಲಿ ಎರಡು ಮರಗಪ್ಪೆ ತಂದ. ಸೀರೆ ಕೊಡಲು ಬಳ್ಳಾರಿಗೆ ಹೋದವನು ಸಾಕುಪ್ರಾಣಿ ಅಂಗಡಿಯಲ್ಲಿ ಮನಸೋತು ಬಂದಿದ್ದ. ಅಂಗೈಯಗಲದ ಹಸಿರು ಕಪ್ಪೆಗಳು, ಜೊತೆಗೆ ಮೀನು ಸಾಕುವ ಗಾಜಿನ ತೊಟ್ಟಿ.

"ಕಪ್ಪೆ ಇದ್ದ ಕಡೆ ಹಾವು ಬರ್ತೈತೆ ಕಣೋ! ಈಗ್ಲೇ ವಾಪಸ್ ಕೊಟ್ಟು ಬಾ," ಎಂದರು ಅತ್ತೆ.

"ಅವ್ರು ವಾಪಸ್ ತಗಳಲ್ಲವ್ವ. ಹೊರಗ್ ಬಿಟ್ರೆ ಈ ಬಿಸಿಲಿಗೆ ಸಾಯ್ತಾವೆ. ಬೇರೆ ದೇಶದ ತಳಿ."

ಮನೆಯಲ್ಲಿ ಪ್ರಾಣಿ ಸತ್ತರೆ ಪಾಪ ಸುತ್ತಿಕೊಳ್ಳುತ್ತದೆ ಎಂಬುದು ಅತ್ತೆಯ ಇನ್ನೊಂದು ಭಯ. ಹಾಗಾಗಿ ಕಪ್ಪೆಗಳು ಉಳಿದವು. ತಂದವನು ಎರಡೇ ದಿನಕ್ಕೆ ಮರೆತ. ಅತ್ತೆ ಮಾತ್ರ ಮೂರು ಮಾರು ದೂರ ಕೂತು ದಿಟ್ಟಿಸುತ್ತಲೇ ಇದ್ದರು. ಕಪ್ಪೆಗಳು ನೀರಿಗಿಳಿಯದೆ ಹಗಲೆಲ್ಲ ತೊಟ್ಟಿಯ ಮೇಲಿನ ಮೂಲೆಗೆ ಅಂಟಿಕೊಂಡು ಮುಚ್ಚಳಕ್ಕೆ ಮೂತಿ ಗುದ್ದುತ್ತಿದ್ದವು.

"ಇವು ಈಜೋವಲ್ಲ, ಹತ್ತೋವು. ಅಗಲ ತಗಂಡು ಏನ್ಮಾಡ್ತಾವೆ? ಎತ್ತರ ಬೇಕು," ಎಂದರು ನಾಲ್ಕನೇ ದಿನ.

ಸೀರೆ ಅಂಗಡಿಯೊಂದರಿಂದ ಹಳೆಯ ಗಾಜಿನ ಬೀರು ಬಂತು. ಒಳಗಿನ ಹಲಗೆಗಳನ್ನು ಕೀಳಿಸಿ ಒಣಗಿದ ಬೇವಿನ ಕೊಂಬೆ ನಿಲ್ಲಿಸಿದರು. ಗಾಳಿಗೆಂದು ಹಿಂಬದಿಗೆ ಜಾಲರಿ. ಅದರ ಒಂದೊಂದು ಸಂದಿಗೂ ಕಿರುಬೆರಳು ತೂರಿಸಿ ನೋಡಿದರು; ಬೆರಳು ಹೋದಲ್ಲಿ ಮರಿಹಾವೂ ಹೋಗುತ್ತದಂತೆ. ಬಡಗಿಯ ಜೀವ ಹಿಂಡಿ ಚಿಲಕ ಎರಡೆರಡು ಹಾಕಿಸಿದರು. ನಲ್ಲಿ ನೀರಿಗೆ ಔಷಧಿ ಬೆರೆಸಿರುತ್ತಾರೆಂದು ಒಂದು ದಿನ ಬಕೆಟ್ಟಿನಲ್ಲಿಟ್ಟೇ ಚಿಮುಕಿಸಬೇಕು. ಅದು ನನ್ನ ಪಾಲಿನ ಕೆಲಸವಾಯಿತು.

ಬೀರು ಇಡುವುದೆಲ್ಲಿ ಎನ್ನುವುದೇ ತಲೆನೋವಾಯಿತು. ಮೇಲಿನ ಕೋಣೆಯಲ್ಲಿ ಶೀಟಿನ ಕಾವು. ಪಡಸಾಲೆಗೆ ಬೆಕ್ಕು ಬರುತ್ತದೆ. ಅಡುಗೆಮನೆಯಲ್ಲಿಟ್ಟರೆ ಒಗ್ಗರಣೆ ಹೊಗೆ. ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಯಿತು. ತಂಪಾಗಿ, ತೇವವಾಗಿ ಇದ್ದದ್ದು ಒಂದೇ ಕಡೆ: ಮಣ್ಣಿನ ಗೋಡೆಯ ಮಗ್ಗದ ಕೋಣೆ. ಅತ್ತೆ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ, "ಅಲ್ಲೇ ಇಡು," ಎಂದರು. ತಮ್ಮ ಬೆನ್ನ ಹಿಂದೆಯೇ, ಗುಂಡಿಗೆ ಐದಡಿ ದೂರದಲ್ಲಿ.

ಮೇ ತಿಂಗಳ ಒಂದು ಮಧ್ಯಾಹ್ನ ಮಗ್ಗದ ಸದ್ದು ತಟ್ಟನೆ ನಿಂತಿತು. "ಪದ್ಮಾ..." ಎಂಬ ಸಣ್ಣ ದನಿ. ಹೋಗಿ ನೋಡಿದರೆ ಅತ್ತೆ ಕೂತಲ್ಲೇ ಸೆಟೆದಿದ್ದಾರೆ, ಮುಖದ ತುಂಬ ಬೆವರು.

"ಪಾಮು," ಎಂದರು. ಹೆದರಿದಾಗ ಅವರಿಗೆ ಮನೆಮಾತಾದ ತೆಲುಗೇ ಬರುವುದು. ಹಾವು. "ಪಾದದ ಮ್ಯಾಗೆ ತಣ್ಣಗೆ ಕೂತೈತೆ. ರಾಕು, ಒಳಗೆ ಬರಬ್ಯಾಡ. ಹೊರಗ್ಹೋಗಿ ದೊಡ್ಡೀರಪ್ಪನ್ನ ಕರಿ."

ಹಾವು ಹಿಡಿಯುವ ದೊಡ್ಡೀರಪ್ಪ ಕೊಂಡ್ಲಹಳ್ಳಿಯಲ್ಲಿದ್ದ. ಫೋನು ಮಾಡಿದರೆ ಬರಲು ಮುಕ್ಕಾಲು ಗಂಟೆ ಬೇಕು ಎಂದ. ಅತ್ತೆಯ ಕಾಲು ಮಗ್ಗದ ತುಳಿಹಲಗೆಯನ್ನು ಒತ್ತಿಯೇ ಇತ್ತು. ಬಿಟ್ಟರೆ ಹಲಗೆ ಮೇಲಕ್ಕೆ ಚಿಮ್ಮಿ ಹಾವು ಕೆರಳುತ್ತದೆ. ತೊಡೆ ಆಗಲೇ ಗಡಗಡ ನಡುಗುತ್ತಿತ್ತು.

ಆಗ ನನ್ನ ಕಣ್ಣು ಬೀರುವಿನ ಮೇಲೆ ಬಿತ್ತು. ಬಾಗಿಲು ಎರಡು ಬೆರಳಗಲ ತೆರೆದಿತ್ತು. ಒಳಗೆ ಇದ್ದದ್ದು ಒಂದೇ ಕಪ್ಪೆ. ಬೆಳಿಗ್ಗೆ ನೀರು ಚಿಮುಕಿಸುವಾಗ ತವರಿನಿಂದ ಫೋನು ಬಂದಿತ್ತು; ಮಾತಾಡುತ್ತಾ ಚಿಲಕ ಹಾಕುವುದನ್ನು ಮರೆತಿದ್ದೆ. ಕಾಲ ಮೇಲಿರುವುದು ಕಪ್ಪೆ ಇರಬಹುದು ಎಂದು ಒಂದು ಮಾತು ಅಂದಿದ್ದರೆ ಆ ಜೀವಕ್ಕೆ ಸಮಾಧಾನವಾಗುತ್ತಿತ್ತು. ಆದರೆ ಹೇಳಿದರೆ ತಪ್ಪು ನನ್ನದಾಗುತ್ತದೆ. ಸುಮ್ಮನೆ ನಿಂತೆ. ಎಷ್ಟು ಹೊತ್ತೋ ತಿಳಿಯದು, ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

"ಇನ್ನೂ ಇಲ್ಲೇ ನಿಂತೀಯಾ? ನಿನಗೂ ಕಚ್ಚಿದ್ರೆ? ಹೋಗೇ ಆಚೆ!" ಅತ್ತೆ ಅಳುದನಿಯಲ್ಲಿ ಗದರಿದರು.

ಆಗ ಬಾಯಿ ಬಂತು. "ಅತ್ತೆ, ಬೀರಿನ ಚಿಲಕ ನಾನೇ ಹಾಕಿರ್ಲಿಲ್ಲ. ಒಂದು ಕಪ್ಪೆ ಇಲ್ಲ."

"ಈಗ ಹೇಳ್ತೀಯೇನೇ!"

ಮೊಬೈಲ್ ಟಾರ್ಚ್ ಹಾಕಿ ಗುಂಡಿಯ ಅಂಚಿಗೆ ಬೋರಲು ಮಲಗಿದೆ. ಕಪ್ಪೆಯ ಹಿಂದೆ ಹಾವೂ ಬಂದಿದ್ದರೆ? ಬೆಳಕು ಮೂಲೆಗಳನ್ನೆಲ್ಲ ಸವರಿ ಅತ್ತೆಯ ಪಾದಕ್ಕೆ ಬಂದಾಗ, ಹಸಿರು ಕಪ್ಪೆ ಬೆರಳು ಹರಡಿ ಅಂಟಿಕೊಂಡು ಕೂತಿತ್ತು. ಕೈ ಹಾಕಿ ಎತ್ತಿಕೊಂಡೆ. ಭಯ ಇಳಿದ ರಭಸಕ್ಕೆ ನನಗೆ ನಗು ಬಂತು.

ಅತ್ತೆ ನಗಲಿಲ್ಲ. ಕಾಲು ಮೇಲೆಳೆದುಕೊಂಡು ಗೋಡೆಗೆ ಒರಗಿದರು.

"ಹಿಂಗೇ ಗುಂಡಿಯಾಗೆ ಹಾವು ಬಂದಾಗ ನಮ್ಮಪ್ಪ ಕಾಲು ಎಳ್ಕಂಡ ಕಣೇ, ಕಚ್ತು, ಉಳೀಲಿಲ್ಲ," ಎಂದರು. "ಅಲ್ಲಾಡಬ್ಯಾಡ ಅಂತ ಹೇಳಾಕೆ ನಂಗೆ ಬಾಯೇ ಬರ್ಲಿಲ್ಲ. ಪಕ್ಕದಾಗೇ ಕೂತಿದ್ದೆ, ಒಂಬತ್ತು ವರ್ಷ ನಂಗೆ."

ಕಪ್ಪೆ ನನ್ನ ಮುಷ್ಟಿಯಲ್ಲಿ ಪಟಪಟ ಮಿಡಿಯುತ್ತಿತ್ತು. ಈ ಮನೆಗೆ ಬಂದು ಆರು ವರ್ಷವಾಗಿತ್ತು. ಹಾವೆಂದರೆ ಯಾಕಿಷ್ಟು ಭಯ ಎಂದು ನಾನು ಅವರನ್ನು ಒಂದು ಸಲವೂ ಕೇಳಿರಲಿಲ್ಲ.