ಆಲೆಮನೆ ಅವರದು, ಬೆಲ್ಲ ನಮ್ಮದು

ಮೊನ್ನೆ ನಾನು ಕಂಪ್ಯೂಟರಿಗೆ ಬೈದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿ ನಿವೃತ್ತಿಯಾಗುವವರೆಗೂ ಮಕ್ಕಳ ಮೇಲೆ ಬಳಸದೆ ಉಳಿಸಿಕೊಂಡಿದ್ದ ಬೈಗುಳಗಳನ್ನೆಲ್ಲ ಒಂದೇ ಸಲಕ್ಕೆ ಖರ್ಚು ಮಾಡಿದೆ. ಎದುರುಮನೆಯವರು ಕಿಟಕಿಗೆ ಬಂದರು. ನಮ್ಮ ಯಜಮಾನರು ಊರಲ್ಲಿಲ್ಲವೆಂಬುದು ನೆನಪಾಗಿ, ಹಾಗಾದರೆ ಇಷ್ಟೆಲ್ಲ ಯಾರಿಗೆ ಎಂದು ಅಲ್ಲೇ ನಿಂತರು. ನಿಲ್ಲಲಿ. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ನಮ್ಮ ನೆಂಟರಿಷ್ಟರಲ್ಲಿ ಯಾರ ಫೋಟೋ ಮಾಸಿದರೂ ಹರಿದರೂ ಅದು ಮದ್ದೂರಿನ ನಮ್ಮ ಮನೆಗೆ ಬರುತ್ತದೆ. ಕಣ್ಣು ಮುಚ್ಚಿಕೊಂಡವರಿಗೆ ಕಣ್ಣು ತೆರೆಸಬೇಕು, ಬನಿಯನ್ನಿನಲ್ಲಿರುವವರಿಗೆ ಷರ್ಟು ತೊಡಿಸಬೇಕು, ತೀರಿಕೊಂಡವರನ್ನು ಮದುವೆಯ ಗುಂಪಿನಿಂದ ಬಿಡಿಸಿ ಹಾರ ಹಾಕಲು ತಕ್ಕಂತೆ ನಿಲ್ಲಿಸಬೇಕು. ಮಳವಳ್ಳಿಯ ಸೋದರತ್ತೆಯಂತೂ ಗಟ್ಟಿಮುಟ್ಟಾಗಿದ್ದಾಗಲೇ ತಮ್ಮ ಫೋಟೋ ತಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ನಾನು ಸತ್ತೋದ್ಮೇಲೆ ನೀನು ಎಂಗೆಂಗೋ ಮಾಡ್ಬುಡ್ತೀಯ. ನನ್ ಕಣ್ಮುಂದೇನೇ ಮಾಡ್ಬುಡವ್ವ, ಕೆನ್ನೆ ವಸಿ ತುಂಬ್ಸು" ಅಂದರು. ತುಂಬಿಸಿದೆ. ಅತ್ತೆ ಇನ್ನೂ ಇದ್ದಾರೆ, ಕೆನ್ನೆ ಮಾತ್ರ ಫೋಟೋದಲ್ಲಿದೆ.

ಇದಕ್ಕೆ ಬೇಕಾದ ಸಾಫ್ಟ್‌ವೇರನ್ನು ಮೊದಲು ನಾನು ಮಂಡ್ಯದ ಅಂಗಡಿಯಿಂದ ಡಬ್ಬಿಸಮೇತ ಕೊಂಡು ತಂದಿದ್ದೆ. ಒಳಗೊಂದು ಸಿ.ಡಿ., ಜೊತೆಗೊಂದು ಕಾಗದ. ಆ ಕಾಗದವನ್ನು ಕೂಲಂಕಷವಾಗಿ ಓದಿದರೆ ನಾನು ಕೊಂಡದ್ದು ಸಾಫ್ಟ್‌ವೇರನ್ನಲ್ಲ, ಅದನ್ನು ಬಳಸುವ ಪರವಾನಗಿಯನ್ನು ಮಾತ್ರ. ಆಗಲಿ, ಆ ಪರವಾನಗಿಗೆ ಕೊನೆಯ ದಿನವೆಂಬುದಿರಲಿಲ್ಲ. ಪ್ರತಿ ಆಯುಧಪೂಜೆಗೂ ಕುಂಚಗಳ ಪಕ್ಕದಲ್ಲಿ ಆ ಡಬ್ಬಿಯನ್ನೂ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದೆ. ಕುಂಚ ಹಿಡಿದು ಬದುಕಿದವಳಿಗೆ ಉಪಕರಣ ಅಂದರೆ ಹಾಗೆಯೇ. ಹಿಂದೆ ಗುಡಿಯ ಗೋಡೆಗೆ ಚಿತ್ರ ಬರೆದವರು ಎಲೆ ಅರೆದು, ಕಲ್ಲು ತೇಯ್ದು ಬಣ್ಣ ಮಾಡಿಕೊಳ್ಳುತ್ತಿದ್ದರು. ಗೋಡೆ ರಾಜನದಾಗಿರಬಹುದು, ಕುಂಚ ಚಿತ್ರಗಾರನದೇ.

ಆಮೇಲೆ ಹಳೆಯ ಕಂಪ್ಯೂಟರ್ ಕೆಟ್ಟಿತು. ಹೊಸದಕ್ಕೆ ಸಿ.ಡಿ. ತೂರಿಸಲು ಬಾಯಿಯೇ ಇಲ್ಲ. ಕಂಪನಿಯವರೂ ಡಬ್ಬಿ ಮಾರುವುದನ್ನು ಬಿಟ್ಟು, ವರ್ಷವರ್ಷವೂ ಬಾಡಿಗೆ ಕಟ್ಟಿ ಎಂದರು. ಕಟ್ಟಿದೆ. ಆ ವರ್ಷ ಆಯುಧಪೂಜೆಯಲ್ಲಿ ಕುಂಕುಮ ಎಲ್ಲಿ ಹಚ್ಚುವುದೆಂದು ತಿಳಿಯದೆ ಪರದೆಗೇ ಹಚ್ಚಿದೆ. ಒರೆಸಿದಷ್ಟೂ ಹರಡಿಕೊಂಡು, ಯಾರ ಫೋಟೋ ತೆರೆದರೂ ಓಕುಳಿ ಆಡಿ ಬಂದವರ ಹಾಗೆ ಕಾಣುತ್ತಿದ್ದರು.

ಈಗ ಸಿಟ್ಟಿನ ಕಾರಣಕ್ಕೆ ಬರುತ್ತೇನೆ. ಚಿಕ್ಕರಸಿನಕೆರೆಯಲ್ಲಿರುವ ಜಯಮ್ಮ ನನ್ನ ಚಿಕ್ಕಪ್ಪನ ಮಗಳು. ಚಿಕ್ಕಪ್ಪ ತೀರಿಕೊಂಡು ಬಹಳ ಕಾಲವಾಯಿತು, ಚಿಕ್ಕಮ್ಮ ಹೋದ ವರ್ಷ ಹೋದರು. "ಅಕ್ಕ, ಅಪ್ಪ ಅವ್ವ ಒಟ್ಗೆ ಕುಂತಿರೋದು ಒಂದು ಪೋಟಾನೂ ಇಲ್ಲ ಕಣಕ್ಕ. ವರ್ಸದ ತಿಥಿಗೆ ಇಬ್ರೂ ಜೊತ್ಗಿರಂಗೆ ಒಂದು ಮಾಡ್ಕೊಡು" ಎಂದು ಎರಡು ಚಿತ್ರ ಕೊಟ್ಟು ಹೋಗಿದ್ದಳು. ಒಂದರಲ್ಲಿ ಚಿಕ್ಕಪ್ಪ ಯಾರದೋ ಮದುವೆಯ ಪಂಕ್ತಿಯಲ್ಲಿ ಒಬ್ಬಟ್ಟಿಗೆ ಬಾಯಿ ತೆರೆದಿದ್ದಾರೆ. ಇನ್ನೊಂದರಲ್ಲಿ ಮಂಡ್ಯದ ಹತ್ತಿರದ ಸರ್ಕಾರಿ ಕೃಷಿ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕೂಲಿಗೆ ಹೋಗುತ್ತಿದ್ದ ಚಿಕ್ಕಮ್ಮ ಭತ್ತದ ತಾಕಿನ ಮುಂದೆ, ಹತ್ತಾರು ಹೆಂಗಸರ ನಡುವೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ಒಬ್ಬಟ್ಟು ತೆಗೆದೆ, ಎಲೆ ತೆಗೆದೆ. ಅವರ ಮೇಲಿನ ದೀಪದ ಬೆಳಕನ್ನು ಇವರ ಮೇಲಿನ ಬಿಸಿಲಿಗೆ ಹೊಂದಿಸಿದೆ. ಚಿಕ್ಕಪ್ಪನ ಬಾಯಿ ಮುಚ್ಚಿಸಲು ಒಂದು ವಾರ ಹಿಡಿಯಿತು. ಚಿಕ್ಕಮ್ಮನಿಂದ ಜೀವಮಾನವಿಡೀ ಆಗದ ಕೆಲಸ ಅದು. ಕೊನೆಗೂ ಇಬ್ಬರೂ, ಎದೆಮಟ್ಟದವರೆಗೆ, ಭುಜಕ್ಕೆ ಭುಜ ತಾಗಿಸಿ ಕೂತರು.

ತಿಥಿಯ ಹಿಂದಿನ ದಿನ ಜಯಮ್ಮ ಫೋಟೋ ಒಯ್ಯಲು ಬಂದಳು. ತೆರೆದರೆ, ಸಾಫ್ಟ್‌ವೇರಿಗೇ ಬೀಗ; ಫೋಟೋ ಇದ್ದದ್ದು ಅದರೊಳಗೆ ಮಾತ್ರ ಸರಿಯಾಗಿ ತೆರೆಯುವ ಫೈಲಿನಲ್ಲಿ. ಬ್ಯಾಂಕಿನವರು ನನಗೆ ಹೊಸ ಕಾರ್ಡು ಕೊಟ್ಟಿದ್ದರು, ಕಂಪನಿಯವರ ಹತ್ತಿರ ಹಳೆಯ ನಂಬರಿತ್ತು, ಈ ವರ್ಷದ ಬಾಡಿಗೆ ಸಂದಾಯವಾಗಿರಲಿಲ್ಲ. 'ನಿಮ್ಮನ್ನು ಕಳೆದುಕೊಳ್ಳಲು ನಮಗೆ ಬೇಸರ' ಎಂಬ ಅರ್ಥದ ಇಂಗ್ಲಿಷ್ ವಾಕ್ಯ, ಪಕ್ಕದಲ್ಲೊಂದು ನಗುವ ಗೊಂಬೆ. ಪುಕ್ಕಟೆ ಸಿಗುವ ಬೇರೊಂದು ಸಾಫ್ಟ್‌ವೇರಿನಲ್ಲಿ ತೆರೆದು ನೋಡಿದೆ. ಚಿಕ್ಕಮ್ಮನ ಸೆರಗು ಬಂದು ಚಿಕ್ಕಪ್ಪನ ತಲೆಯ ಮೇಲೆ ಕೂತಿತು. ಬೈದದ್ದು ಆಗಲೇ.

"ಏನಕ್ಕ, ಏನಂತೆ?" ಅಂದಳು ಜಯಮ್ಮ. ವಿವರಿಸಿದೆ. ಅವಳು ಕೇಳಿಸಿಕೊಂಡು, "ನಾವು ಆಲೆಮನೆ ಬಾಡ್ಗೆಗಿಡ್ದು ಕಬ್ಬು ಅರೀತೀವಿ. ಬಾಡ್ಗೆ ಮುಗುದ್ರೆ ನಾಳಿಕೆ ಒಳಿಕೆ ಬುಡಕಿಲ್ಲ, ಸರಿ. ಆಗ್ಲೇ ಅಚ್ಚಾಗಿರೋ ಬೆಲ್ಲಾನೂವೆ ಮಡಿಕಂಡನ ಅವ್ನು? ಕಬ್ಬು ನಂದು, ಕಾಯ್ಸಿದ್ದು ನೀನು. ನಮ್ಮಪ್ಪ ಅವ್ವನ್ನ ಆ ಕಂಪ್ನಿಯೋನ್ಯಾಕೆ ಕೂಡಾಕಂಡವ್ನೆ?" ಎಂದಳು.

ನನ್ನ ಬೈಗುಳಗಳಲ್ಲಿ ಇಷ್ಟು ತೂಕದ್ದು ಒಂದೂ ಇರಲಿಲ್ಲ. ಬಾಡಿಗೆಯೆಂದರೆ ನನಗೇನೂ ಅಲರ್ಜಿಯಿಲ್ಲ. ಟ್ರಾಕ್ಟರು ಬಾಡಿಗೆಯದು, ಅಡುಗೆಯ ಕೊಪ್ಪರಿಗೆ ಬಾಡಿಗೆಯದು. ಶಾಮಿಯಾನದವನು ಬಟ್ಟೆ ಬಿಚ್ಚಿಕೊಂಡು ಹೋಗುತ್ತಾನೆ, ಅದರ ಕೆಳಗೆ ನಡೆದ ಮದುವೆಯನ್ನು ಬಿಚ್ಚಿಕೊಂಡು ಹೋಗುವುದಿಲ್ಲ. ಇವರು ಅದನ್ನೂ ಬಿಚ್ಚುತ್ತಾರೆ. ವರ್ಷದ ನಡುವೆ ಬಿಟ್ಟುಹೋಗುತ್ತೇನೆಂದರೆ ಹೋಗುವುದಕ್ಕೂ ಹಣ ಕೇಳುತ್ತಾರೆ. ನಮ್ಮ ಕಣ್ಣು, ನಮ್ಮ ಕೈ, ನಮ್ಮ ಸತ್ತವರು, ಬೀಗದ ಕೈ ಮಾತ್ರ ಅವರದು. ಇದಕ್ಕೆ ಹೊಟ್ಟೆ ಉರಿಯದಿದ್ದರೆ ಇನ್ನಾವುದಕ್ಕೆ ಉರಿಯಬೇಕು?

"ನಾಳೆ ಒತ್ತಾರೆ ಎಡೆ ಇಕ್ಬೇಕು ಕಣಕ್ಕ" ಎಂದಳು ಜಯಮ್ಮ ಮೆಲ್ಲಗೆ. ಹಲ್ಲು ಕಡಿದುಕೊಂಡು ಹೊಸ ಕಾರ್ಡಿನ ನಂಬರು ಒತ್ತಿ ಕಟ್ಟಿದೆ. ಗೊಂಬೆ ಮತ್ತೆ ನಕ್ಕಿತು. ಬಾಗಿಲು ತೆರೆದ ಕೂಡಲೇ ಇಬ್ಬರನ್ನೂ ಎಲ್ಲ ಕಡೆಯೂ ತೆರೆಯುವ ಮಾಮೂಲಿ ಚಿತ್ರವಾಗಿ ಉಳಿಸಿಕೊಂಡು, ಬಸ್ ನಿಲ್ದಾಣದ ಹತ್ತಿರ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ ಜಯಮ್ಮನ ಕೈಗಿಟ್ಟೆ. ಬಾಡಿಗೆ ಕಟ್ಟಿದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ. ಅದೊಂದಾದರೂ ನನ್ನ ಸ್ವಂತದ್ದು.

ಮರುದಿನ ಚಿಕ್ಕರಸಿನಕೆರೆಗೆ ಹೋದಾಗ ಜಯಮ್ಮ ತಾನೇ ಸ್ಟೂಲು ಹತ್ತಿ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಫೋಟೋ ತೂಗುಹಾಕಿ, ಇಳಿಯದೆ ಅಲ್ಲಿಂದಲೇ ಕೇಳಿದಳು.

"ಅಕ್ಕ, ಇನ್ಮೇಲೆ ಆ ಕಂಪ್ನಿಯೋನು ಇವ್ರನ್ನ ಬ್ಯಾರೆ ಮಾಡಕಾಗಕಿಲ್ವ?"

"ಇಲ್ಲ ಕಣವ್ವ."

"ನೀನು ಬಾಡ್ಗೆ ಕಟ್ದೆ ಇದ್ರೂವೆ?"

"ಕಟ್ದೆ ಇದ್ರೂವೆ."

ಮೊಳೆಯನ್ನು ಇನ್ನೊಮ್ಮೆ ಅಲ್ಲಾಡಿಸಿ ನೋಡಿ ಕೆಳಗಿಳಿದಳು. ಎಡೆಗೆಂದು ಎರಡು ಬಾಳೆ ಎಲೆ ತೊಳೆದಿಟ್ಟಿದ್ದಳು. ಫೋಟೋವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದನ್ನು ಪಕ್ಕಕ್ಕೆ ಸರಿಸಿ, ಇಬ್ಬರಿಗೂ ಸೇರಿ ಒಂದೇ ಎಲೆ ಹಾಸಿ ಬಡಿಸತೊಡಗಿದಳು.