ಜೋನ್ ಉಸಿರೆಳೆಯುವ ಜಾಗ

ಹಾಡುವಾಕೆ ಉಸಿರೆಳೆಯಲು ನಿಂತಾಗ ನಾನು ಆಕೆಯ ಸಾಲನ್ನು ಪಿಟೀಲಿನಲ್ಲಿ ನುಡಿಸಿದೆ. ಮೈಸೂರಿನಲ್ಲಿ ಹಾಗೆ ನುಡಿಸದಿದ್ದರೆ ಗುರುಗಳು ಕಣ್ಣು ಕೆಂಪಗೆ ಮಾಡುತ್ತಿದ್ದರು. ಆಸ್ಟಿನ್‌ನ ಆ ಕೋಣೆಯಲ್ಲಿ ಉಳಿದ ಮೂವರು ಕಮಾನು ಇಳಿಸಿ ನನ್ನನ್ನೇ ನೋಡಿದರು.

"ಅಲ್ಲಿ ರೆಸ್ಟ್ ಇದೆ," ಎಂದ ಚೆಲ್ಲೋ ಎಂಬ ದೊಡ್ಡ ಪಿಟೀಲು ನುಡಿಸುವ ಪೀಟರ್. ತಂಡ ಅವನದು. ರೆಸ್ಟ್ ಎಂದರೆ ಮೌನ. ಇಲ್ಲಿ ಅದನ್ನೂ ಸ್ವರದಂತೆಯೇ ಹಾಳೆಯಲ್ಲಿ ಬರೆದಿರುತ್ತಾರೆ.

ನಾನು ಬಂದದ್ದು ಓದಲು. ತಂಡ ಸೇರಿದ್ದು ಒಂಟಿತನ ತಾಳಲಾರದೆ. ಇಂಗ್ಲೆಂಡಿನ ಹಳ್ಳಿಗಳ ಬ್ಯಾಲಡ್‌ಗಳನ್ನು, ಅಂದರೆ ನಮ್ಮ ಲಾವಣಿಗಳಂಥ ಕಥೆಹಾಡುಗಳನ್ನು, ನಾಲ್ಕು ತಂತಿವಾದ್ಯಗಳ ಜೊತೆ ಹಾಡಿಸುವ ತಂಡವದು. ಹಾಡುವಾಕೆ ಜೋನ್, ಎಪ್ಪತ್ತು ದಾಟಿದ ಇಂಗ್ಲೆಂಡಿನ ಹೆಂಗಸು, ಮದುವೆಯಾಗಿ ಟೆಕ್ಸಸ್‌ಗೆ ಬಂದವಳು. ಎಲ್ಲವೂ ತಾಯಿಯ ಬಾಯಿಂದ ಕಲಿತ ಹಾಡುಗಳು. ಕೈಯಲ್ಲಿ ಕಾಗದ ಹಿಡಿಯುವುದೆಂದರೆ ಆಕೆಗೆ ಅವಮಾನ.

ರೆಸ್ಟಿನಲ್ಲಿ ನುಡಿಸಿದಾಗಲೆಲ್ಲ ಡೈರಿಯಲ್ಲಿ ಒಂದು ಗೀಟು ಹಾಕಿದೆ. ಆಗಸ್ಟ್‌ನಲ್ಲಿ ಪುಟದ ತುಂಬ ಗೀಟು, ಅಕ್ಟೋಬರ್‌ನಲ್ಲಿ ಮೂರು, ಆಮೇಲೆ ಒಂದೂ ಇಲ್ಲ. ಅಷ್ಟೇ ನನ್ನ ಗೆಲುವು.

ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ನಾನು ಬಾಡಿಗೆಗಿರುವ ಮನೆಯ ಶೈಲಾ ಆಂಟಿ ಹುಬ್ಬಳ್ಳಿಯವರು. ತಾಲೀಮಿನಿಂದ ಬಂದಾಗಲೆಲ್ಲ ಅವರದು ಒಂದೇ ಪ್ರಶ್ನೆ.

"ಇವತ್ತ ಯಾರ್ ಸತ್ರವ್ವಾ?"

"ಹಾಡಲ್ಲಿ ಒಂದ್ ಹುಡುಗಿ, ಆಂಟಿ. ಹೊಳೆಗೆ ಬಿದ್ಲು."

"ಹೋದ ವಾರನೂ ಹೊಳೀಗೇ ಬಿದ್ದಿದ್ಲಲ್ಲ! ಆ ದೇಶದಾಗ ಬಾವಿ ಇಲ್ಲೇನ?" ಎನ್ನುತ್ತ ರೊಟ್ಟಿ ಬಡಿಸುತ್ತಿದ್ದರು.

ಡಲ್ಲಾಸ್‌ನ ಸಂಗೀತ ಕಚೇರಿಯಲ್ಲಿ ಜೋನ್ ಒಂದು ಚರಣವನ್ನೇ ಬಿಟ್ಟುಬಿಟ್ಟಳು. ಹಿಂತಿರುಗುವ ವ್ಯಾನಿನಲ್ಲಿ, ಆಕೆಗೆ ನಿದ್ದೆ ಬಂದಿದೆ ಎಂದುಕೊಂಡು ಪೀಟರ್ ಹೇಳಿದ: "ಹ್ಯೂಸ್ಟನ್‌ನಲ್ಲೂ ಹೀಗಾದರೆ, ಮುಂದೆ ಹಾಡಿಲ್ಲದೆ ನುಡಿಸೋಣ."

"ಸತ್ತಿದ್ದು ಹಾಡಿನ ಹುಡುಗಿ, ಪೀಟರ್. ನಾನಿನ್ನೂ ಇದ್ದೇನೆ," ಎಂದಳು ಜೋನ್, ಕಣ್ಣು ಮುಚ್ಚಿಕೊಂಡೇ.

ಹ್ಯೂಸ್ಟನ್‌ನಲ್ಲಿ ಚರ್ಚಿನ ಹಾಲ್ ತುಂಬಿತ್ತು. ನಮ್ಮ ಸಭೆ ತಲೆದೂಗುತ್ತದೆ, ತೊಡೆಯ ಮೇಲೆ ತಾಳ ಹಾಕುತ್ತದೆ. ಇಲ್ಲಿಯವರು ಕೆಮ್ಮನ್ನೂ ಹಾಡು ಮುಗಿಯುವವರೆಗೆ ತಡೆಹಿಡಿಯುತ್ತಾರೆ. ಮೂರನೆಯ ಚರಣದಲ್ಲಿ, ಹುಡುಗಿ ಹೊಳೆಯ ದಂಡೆಗೆ ಬಂದಾಗ, ಜೋನ್ ನಿಂತಳು. ಉಸಿರಿಗಲ್ಲ. ಕೈ ಸ್ಕರ್ಟನ್ನು ಹಿಡಿದು ಹಿಂಡುತ್ತಿತ್ತು.

ನನ್ನ ಹಾಳೆಯಲ್ಲಿ ರೆಸ್ಟ್ ಇತ್ತು. ನಮ್ಮಲ್ಲಿ ಹಾಡುವವರು ಸಾಹಿತ್ಯ ಮರೆತರೆ ಪಿಟೀಲು ಆ ಸಾಲನ್ನೇ ಮತ್ತೆ ನುಡಿಸಿ ಅವರಿಗೆ ಹೊತ್ತು ಕೊಡುತ್ತದೆ. ಸಭೆಗೆ ಗೊತ್ತೂ ಆಗುವುದಿಲ್ಲ. ನುಡಿಸಿದೆ. ಜೋನ್ ನನ್ನತ್ತ ತಿರುಗಿ ನಕ್ಕು ಹಾಡತೊಡಗಿದಳು. ಮೊದಲ ಚರಣ! ಹುಡುಗಿ ಮತ್ತೆ ಮನೆ ಬಿಟ್ಟಳು, ದಂಡೆಗೆ ಬಂದಳು, ಅಲ್ಲೇ ನಿಂತಳು. ಮತ್ತೆ ನುಡಿಸಿದೆ. ಮತ್ತೆ ಮೊದಲ ಚರಣ. ಕೊನೆಗೆ ಪೀಟರ್ ಕೆಳಗಿನ ಸ್ವರವೊಂದನ್ನು ಉದ್ದಕ್ಕೆ ಎಳೆದು ಹಾಡು ಮುಗಿಸಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರಿಗೆ ಎಲ್ಲ ತಿಳಿದಿತ್ತು.

"ನೀನು ಕರುಣೆಯಿಂದ ಮಾಡಿದೆ," ಎಂದ ಪೀಟರ್, ವಾದ್ಯ ಪೆಟ್ಟಿಗೆಗೆ ಹಾಕುತ್ತ. "ಅದರಿಂದ ಅವಳು ಇನ್ನಷ್ಟು ಹೊತ್ತು ಎಲ್ಲರೆದುರು ಹಾಗೆ ನಿಲ್ಲಬೇಕಾಯಿತು."



ಈಗ ತಂಡ ಹಾಡಿಲ್ಲದೆ ನುಡಿಸುತ್ತದೆ. ಅದರಲ್ಲಿ ನಾನೂ ಇದ್ದೇನೆ. ಜೋನ್ ಜಾರ್ಜ್‌ಟೌನ್‌ನ ವೃದ್ಧರ ಮನೆಯಲ್ಲಿದ್ದಾಳೆ. ಭಾನುವಾರ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ಮಂಚದ ಪಕ್ಕ ಕಾರ್ಪೆಟ್ ಮೇಲೆ ಚಕ್ಕಳಮಕ್ಕಳ ಕೂತು, ಆಕೆ ಬಿಟ್ಟಲ್ಲೆಲ್ಲ ನುಡಿಸುತ್ತೇನೆ. ಹಾಡು ದಂಡೆಯವರೆಗೆ ಬಂದು ಹಿಂದಕ್ಕೆ ಹೋಗುತ್ತದೆ. ಆ ಹುಡುಗಿ ಈಗ ಸಾಯುವುದೇ ಇಲ್ಲ.

ನಡುವೆ ನಿಲ್ಲಿಸಿ ಜೋನ್ ಕೇಳುತ್ತಾಳೆ: "ನಿನ್ನ ಊರು ಯಾವುದು, ಮಗೂ?"

ಮೈಸೂರು ಅನ್ನುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಕೇಳಿದಾಗ ಆಸ್ಟಿನ್ ಅನ್ನುತ್ತೇನೆ. ಎರಡಕ್ಕೂ ಆಕೆಯದು ಒಂದೇ ಮಾತು:

"ಅಯ್ಯೋ, ಬಹಳ ದೂರ."